ಲೋಹಾರಾದ ನೆತ್ತಿಯ ಮೇಲೆ ಉಪಗ್ರಹ

ಕೋಳಿಗೂಡಿಗೆ ಹೊದಿಸುವ ತಂತಿ ಜಾಲರಿ. ಅದನ್ನೇ ಹತ್ತು ಅಡಿ ಅಗಲದ ತಟ್ಟೆಯಾಗಿ ಬಗ್ಗಿಸಿ ಆಕಾಶಕ್ಕೆ ಮುಖ ಮಾಡಿ ನಿಲ್ಲಿಸಿದ್ದರು. 1975ರ ಆಗಸ್ಟ್ 1ರಂದು ಗುಲ್ಬರ್ಗಾ, ಬಿಜಾಪುರ, ರಾಯಚೂರು ಜಿಲ್ಲೆಗಳ ಆಯ್ದ ಹಳ್ಳಿಗಳಲ್ಲಿ ಈ ಜಾಲರಿಯ ಕೃಪೆಯಿಂದ ಟಿವಿ ಹತ್ತಿಕೊಂಡಿತು. ಬೆಂಗಳೂರಿಗೆ ದೂರದರ್ಶನ ಬಂದಿದ್ದು 1981ರಲ್ಲಿ! ರಾಜಧಾನಿಗಿಂತ ಮೊದಲು ಸೌಲಭ್ಯ ಕಂಡ ಗುಲ್ಬರ್ಗಾ ಎಂಬುದು ನಮ್ಮ ಕಡೆ ಪದೇ ಪದೇ ಕೇಳುವ ಮಾತಲ್ಲ.

ಅದು 'ಸೈಟ್' ಎಂಬ ಪ್ರಯೋಗ. ನಾಸಾದ ಎಟಿಎಸ್-6 ಉಪಗ್ರಹವನ್ನು ಪೂರ್ವ ಆಫ್ರಿಕಾದ ಮೇಲಕ್ಕೆ ಸರಿಸಿ, ಅಹಮದಾಬಾದಿನಿಂದ ಕಳಿಸಿದ ಕಾರ್ಯಕ್ರಮವನ್ನು ಅದರ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಇಳಿಸಿದರು. ಬೆಳಿಗ್ಗೆ ಶಾಲೆ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ. ನಮ್ಮ ಮೂರು ಜಿಲ್ಲೆಗಳಿಗೆ ಕನ್ನಡದಲ್ಲೇ. ವಿಕ್ರಮ್ ಸಾರಾಭಾಯಿ ಕಂಡ ಕನಸು. ಅವರು 1971ರಲ್ಲೇ ತೀರಿಕೊಂಡಿದ್ದರು. ಯಶ್ ಪಾಲ್ ಮುಂದಾಳುತನದಲ್ಲಿ ಇಸ್ರೊ ತಂಡ ಅದನ್ನು ಮಾಡಿ ತೋರಿಸಿತು. ಕೊಲಂಬೊದಲ್ಲಿದ್ದ ಲೇಖಕ ಆರ್ಥರ್ ಕ್ಲಾರ್ಕ್ ಮನೆಗೂ ಇಸ್ರೊದವರು ಹೋಗಿ ಒಂದು ಆಂಟೆನಾ ಕೂರಿಸಿ ಬಂದರು. ಆಕಾಶದಲ್ಲಿ ನಿಂತಲ್ಲೇ ನಿಂತಂತೆ ಕಾಣುವ ಉಪಗ್ರಹದಿಂದ ಸಂಪರ್ಕ ಸಾಧ್ಯ ಎಂದು 1945ರಲ್ಲೇ ಬರೆದಿದ್ದ ಮನುಷ್ಯನಿಗೆ ಸಲ್ಲಬೇಕಾದ ಮರ್ಯಾದೆಯೇ.

ನನಗೆ ಸಿಟ್ಟು ಬರುವುದು ಗಡಿಯಾಚೆ, ಉಸ್ಮಾನಾಬಾದ್ ಜಿಲ್ಲೆಯ ಲೋಹಾರಾ ನೆನಪಾದಾಗ. 1956ರ ನವೆಂಬರ್ 1ರವರೆಗೆ ಉಸ್ಮಾನಾಬಾದ್, ಗುಲ್ಬರ್ಗಾ ಎರಡೂ ಹೈದರಾಬಾದ್ ರಾಜ್ಯದ ಜಿಲ್ಲೆಗಳು. ಒಂದು ಮುಂಬಯಿ ರಾಜ್ಯಕ್ಕೆ ಹೋಯಿತು, ಇನ್ನೊಂದು ಮೈಸೂರಿಗೆ ಬಂತು. ಸೈಟ್ ಪಟ್ಟಿಯಲ್ಲಿ ಮಹಾರಾಷ್ಟ್ರದ ಹೆಸರಿರಲಿಲ್ಲ. ಉಪಗ್ರಹದ ಕಿರಣ ಗಡಿಕಲ್ಲು ನೋಡಿ ನಿಲ್ಲುವುದಿಲ್ಲ. ಲೋಹಾರಾ, ಉಮರ್ಗಾ, ನಿಲಂಗಾ, ಉದಗೀರದ ಮೇಲೂ ಅದು ಬಿದ್ದೇ ಬಿತ್ತು. ಹಿಡಿಯಲು ಜಾಲರಿ ಮಾತ್ರ ಇರಲಿಲ್ಲ. ಗಡಿಯ ಈಚೆ ಊರಿನ ಮಗು ಕನ್ನಡದಲ್ಲಿ ಪಾಠ ನೋಡುವಾಗ ಆಚೆ ಕನ್ನಡ ಮಾತಾಡುವ ಮನೆಯ ಮಗುವಿಗೆ ಏನೂ ಇಲ್ಲ. 1976ರ ಜುಲೈ 31ಕ್ಕೆ ನಾಸಾ ಉಪಗ್ರಹದ ಕೈಗಡದ ವರ್ಷ ಮುಗಿಯಿತು. ಮರುವರ್ಷ ಗುಲ್ಬರ್ಗಾಕ್ಕೆ ನೆಲದ ಮೇಲಿನದೇ ಟಿವಿ ಕೇಂದ್ರ ಬಂತು.

ಮುಂದಿನದು ನೀರಸ. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಇಂಟರ್‌ನೆಟ್ ಶುರು ಮಾಡಿತು, ಮಹಾನಗರಗಳಲ್ಲಿ. ಫೋನ್ ತಂತಿಯಲ್ಲಿ ಮೋಡೆಂ ಕಿರುಗುಟ್ಟುವ ಡಯಲ್-ಅಪ್ ಕಾಲ. ಯಾರಾದರೂ ರಿಸೀವರ್ ಎತ್ತಿದರೆ ಸಂಪರ್ಕ ಕಟ್! 2004ರ ನೀತಿ ಸೆಕೆಂಡಿಗೆ 256 ಕಿಲೋಬಿಟ್ ಇದ್ದರೆ ಬ್ರಾಡ್‌ಬ್ಯಾಂಡ್ ಎಂದಿತು. ಉಪಗ್ರಹದ ಇಂಟರ್‌ನೆಟ್ ಆಗಲೂ ಇತ್ತು. ಆದರೆ ಅದು ಬ್ಯಾಂಕು, ಕಂಪನಿಗಳ ಸೊತ್ತು. ಸುಮಾರು 36,000 ಕಿಲೋಮೀಟರ್ ಮೇಲೆ ಹೋಗಿ ಬರುವ ಕೋರಿಕೆ, ಹಾಗೇ ಬರುವ ಅದರ ಉತ್ತರ ಸೇರಿ ಸುಮಾರು ಅರ್ಧ ಸೆಕೆಂಡು ತಡವಾಗುವುದು ಬೇರೆ ಕಿರಿಕಿರಿ. ಈಚೆಗೆ ಬಂದ ಸ್ಟಾರ್‌ಲಿಂಕ್ ಕಂಪನಿಯ ಇಂಟರ್‌ನೆಟ್ ಉಪಗ್ರಹಗಳು ಸುಮಾರು 550 ಕಿಲೋಮೀಟರ್ ಎತ್ತರದಲ್ಲಷ್ಟೇ ಸುತ್ತುವುದರಿಂದ ಆ ತಡವಿಲ್ಲ.

ಅದಕ್ಕೂ ಜಗಳ ತಪ್ಪಲಿಲ್ಲ. ಪರವಾನಗಿ ಸಿಗುವ ಮೊದಲೇ ಸ್ಟಾರ್‌ಲಿಂಕ್ ಭಾರತದಲ್ಲಿ ಮುಂಗಡ ಬುಕಿಂಗ್ ತೆಗೆದುಕೊಂಡಿತು. 2021ರ ನವೆಂಬರಿನಲ್ಲಿ ದೂರಸಂಪರ್ಕ ಇಲಾಖೆ 'ನಿಲ್ಲಿಸಿ' ಎಂದಿತು, ದುಡ್ಡು ವಾಪಸಾಯಿತು. ಪರವಾನಗಿ ಸಿಕ್ಕಿದ್ದು 2025ರ ಜೂನ್‌ನಲ್ಲಿ. ಅದೇ ವರ್ಷದ ನವೆಂಬರ್ 5ರಂದು ಮಹಾರಾಷ್ಟ್ರ ಸರ್ಕಾರ ಕಂಪನಿಯೊಂದಿಗೆ ಆಶಯಪತ್ರಕ್ಕೆ ಸಹಿ ಹಾಕಿತು. ಅದರಲ್ಲಿ ಹೆಸರಿಸಿದ ದೂರದ ಪ್ರದೇಶಗಳು: ಗಡಚಿರೋಲಿ, ನಂದುರ್ಬಾರ್, ವಾಶಿಮ್, ಮತ್ತು ಲೋಹಾರಾ ಸೇರಿದ ಧಾರಾಶಿವ, ಅಂದರೆ ಹಳೆಯ ಉಸ್ಮಾನಾಬಾದ್.

ಐವತ್ತು ವರ್ಷದ ಹಿಂದೆ ತಪ್ಪಿದ್ದು ಈಗ ಕಾಗದದ ಮೇಲಾದರೂ ಗಡಿ ದಾಟಿತು. ಈ ಸಲ ಪಟ್ಟಿಯ ಹೊರಗಿರುವುದು ಕಲಬುರಗಿ, ಅಂದರೆ ಹಳೆಯ ಗುಲ್ಬರ್ಗಾ. ಆದರೆ ಆಶಯಪತ್ರವೆಂದರೆ ಸಂಪರ್ಕವಲ್ಲ. ಕೇಂದ್ರದ ಅನುಮತಿಗಳಿಗೆ ಅದು ಒಳಪಟ್ಟಿದೆ, ಮೊದಲ ಪಾಲು ಸರ್ಕಾರಿ ಸಂಸ್ಥೆ, ಗ್ರಾಮೀಣ ಸಮುದಾಯಗಳದ್ದು. ಲೋಹಾರಾ ತಾಲೂಕಿನವರು ಮುಂದಿನ ಗ್ರಾಮಸಭೆಯಲ್ಲೇ ಕೇಳಲಿ: ನಮ್ಮ ಶಾಲೆ, ನಮ್ಮ ಆರೋಗ್ಯ ಕೇಂದ್ರದ ಹೆಸರು ಪಟ್ಟಿಯಲ್ಲಿದೆಯೇ?