ಎಣಿಕೆಗೆ ಮುನ್ನ

ಸಾಹಿತ್ಯದ ವಿದ್ಯಾರ್ಥಿಗೆ ಸಂಖ್ಯಾಶಾಸ್ತ್ರವೇಕೆ ಎಂಬ ಪ್ರಶ್ನೆ ನನ್ನ ಕಿವಿಗೆ ಆಗಾಗ ಬೀಳುತ್ತಿರುತ್ತದೆ. ಎಣಿಕೆಯೆಂಬುದು ನಮಗೆ ಹೊಸತೇನೂ ಅಲ್ಲ. ಕಂದಪದ್ಯದ ಒಂದನೆಯ ಮತ್ತು ಮೂರನೆಯ ಪಾದಗಳಿಗೆ 12, ಎರಡನೆಯ ಮತ್ತು ನಾಲ್ಕನೆಯ ಪಾದಗಳಿಗೆ 20, ಒಟ್ಟು 64 ಮಾತ್ರೆಗಳೆಂದು ಬೆರಳು ಮಡಿಸಿ ಎಣಿಸುತ್ತ ಬಂದವರೇ ನಾವು.

ಎಣಿಕೆಯಿಂದ ಕರ್ತೃತ್ವವಿಚಾರಕ್ಕೂ ಬೆಳಕು ದೊರೆತದ್ದುಂಟು. ಅಮೆರಿಕದ ಸಂವಿಧಾನವನ್ನು ಸಮರ್ಥಿಸಿ 1787-88ರಲ್ಲಿ ಒಂದೇ ಗುಪ್ತನಾಮದಿಂದ 85 ಲೇಖನಗಳು ಪ್ರಕಟವಾದವು. ಅವುಗಳಲ್ಲಿ 12 ಲೇಖನಗಳು ಹ್ಯಾಮಿಲ್ಟನ್ನನವೋ ಮ್ಯಾಡಿಸನ್ನನವೋ ಎಂಬುದು ಬಹುಕಾಲ ವಿವಾದದಲ್ಲಿತ್ತು. ಫ್ರೆಡರಿಕ್ ಮೋಸ್ಟೆಲರ್ ಮತ್ತು ಡೇವಿಡ್ ವ್ಯಾಲೇಸ್ ಎಂಬ ವಿದ್ವಾಂಸರು 1964ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಘನವಾದ ಪದಗಳನ್ನು ಬಿಟ್ಟು, ಬರೆಯುವವನ ಗಮನಕ್ಕೇ ಬಾರದ ಸಣ್ಣ ಪದಗಳನ್ನು ಎಣಿಸಿದರು. 'ಅಪಾನ್' ಎಂಬ ಪದವನ್ನು ಹ್ಯಾಮಿಲ್ಟನ್ ಧಾರಾಳವಾಗಿ ಬಳಸುತ್ತಿದ್ದ; ಮ್ಯಾಡಿಸನ್ ಬಳಸುತ್ತಿದ್ದುದು ತೀರ ವಿರಳ. ಇಂಥ ಪದಗಳ ಸಾಕ್ಷ್ಯ ಮ್ಯಾಡಿಸನ್ನನ ಕಡೆಗೆ ಬಲವಾಗಿ ವಾಲಿತು.

ಇಂದು ಇಂಥ ಕೆಲಸವನ್ನು ವಿದ್ಯಾರ್ಥಿಯ ಲ್ಯಾಪ್‌ಟಾಪೇ ಮಾಡಬಲ್ಲದು. ಅದಕ್ಕೆ ಬೇಕಾದ ತಂತ್ರಾಂಶಗಳಲ್ಲಿ 'ಆರ್' ಪ್ರಸಿದ್ಧವಾದುದು. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕ ಮತ್ತು ರಾಬರ್ಟ್ ಜೆಂಟಲ್‌ಮನ್ ಎಂಬಿಬ್ಬರು 1990ರ ದಶಕದ ಆರಂಭದಲ್ಲಿ ಇದನ್ನು ರೂಪಿಸಿದರು. 1995ರಲ್ಲಿ ಇದು ಮುಕ್ತ ತಂತ್ರಾಂಶವಾಯಿತು. ಅದರ ಮೊದಲ ಪೂರ್ಣ ಆವೃತ್ತಿ 2000ದ ಫೆಬ್ರುವರಿ 29ರಂದು ಹೊರಬಂತು. ಇದಕ್ಕೆ ಬೆಲೆಯಿಲ್ಲ. ವ್ಯಾಸಂಗ ಮುಗಿದ ಮೇಲೂ ಅದು ವಿದ್ಯಾರ್ಥಿಯ ಕೈಯಲ್ಲೇ ಉಳಿಯುತ್ತದೆ ಎಂಬುದನ್ನು ನಾನು ಸಣ್ಣ ಸಂಗತಿಯೆಂದು ಭಾವಿಸುವುದಿಲ್ಲ.

ಸಿದ್ಧತೆಗೆ ಒಂದು ಕ್ರಮವಿದೆ. ಮೊದಲು ಆರ್ ಅನ್ನು ಸ್ಥಾಪಿಸಬೇಕು, ಆಮೇಲೆ ಆರ್‌ಸ್ಟುಡಿಯೊವನ್ನು. ಎರಡನೆಯದು ಬರೆಯುವ ಮೇಜಿನಂತೆ. ಲೆಕ್ಕ ಮಾಡುವುದು ಮೊದಲನೆಯದೇ. ವಿಶೇಷ ಕೆಲಸಗಳಿಗೆ 'ಪ್ಯಾಕೇಜ್' ಎಂಬ ಪೂರಕ ಕಟ್ಟುಗಳುಂಟು. ಅವುಗಳನ್ನು ಒಮ್ಮೆ ತಂದು ಇರಿಸಿದರೆ ಸಾಕು. ಆದರೆ ಆರ್ ತೆರೆದಾಗಲೆಲ್ಲ ಬೇಕಾದುದನ್ನು ಮತ್ತೆ ಕರೆಯಬೇಕು. ತರಗತಿಯ ಕಡತಗಳಿಗೆಲ್ಲ ಒಂದೇ ಫೋಲ್ಡರ್ ಇರಲಿ. ಇವೆಲ್ಲ ತರಗತಿಯ ಹಿಂದಿನ ದಿನವೇ ಮುಗಿಯಬೇಕು. ಒಂದೇ ಅಂತರಜಾಲ ಸಂಪರ್ಕಕ್ಕೆ ಇಡೀ ತರಗತಿ ಏಕಕಾಲದಲ್ಲಿ ಮುತ್ತಿಗೆ ಹಾಕಿದರೆ ಪಾಠದ ಹೊತ್ತು ಕಾಯುವುದರಲ್ಲೇ ಕಳೆದುಹೋಗುತ್ತದೆ. ಮನೆಯಲ್ಲಿ ಸಂಪರ್ಕವಿಲ್ಲದವರಿಗಾಗಿ ಅಧ್ಯಾಪಕರು ಸ್ಥಾಪನೆಯ ಕಡತಗಳನ್ನು ಪೆನ್‌ಡ್ರೈವಿನಲ್ಲಿ ತಂದುಕೊಡಬೇಕು. ಇಲ್ಲವಾದರೆ ಹಿಂದುಳಿಯುವವರು ಯಾವಾಗಲೂ ಅದೇ ಮಕ್ಕಳು.

ಕನ್ನಡದ ಪಠ್ಯಕ್ಕೆ ಇನ್ನೂ ಎರಡು ಎಚ್ಚರಿಕೆಗಳು ಬೇಕು. ಯುನಿಕೋಡ್‌ಗೆ ಮುಂಚಿನ ಫಾಂಟುಗಳಲ್ಲಿ ಬೆರಳಚ್ಚಾದ ಕಡತ ನಮ್ಮ ಕಣ್ಣಿಗೆ ಕನ್ನಡವಾಗಿದ್ದರೂ ಯಂತ್ರಕ್ಕೆ ಅದು ರೋಮನ್ ಅಕ್ಷರಗಳ ರಾಶಿ. ಅದನ್ನು ಮೊದಲು ಯುನಿಕೋಡ್‌ಗೆ ಪರಿವರ್ತಿಸಿ, ಯುಟಿಎಫ್-8 ರೂಪದಲ್ಲಿ ಉಳಿಸಬೇಕು. ಎರಡನೆಯದಾಗಿ, ಆರ್‌ನ ಹಳೆಯ ಆವೃತ್ತಿಗಳು ವಿಂಡೋಸ್‌ನಲ್ಲಿ ಕನ್ನಡವನ್ನು ಸರಿಯಾಗಿ ತೋರಿಸದೆ ಸಂಕೇತಸಂಖ್ಯೆಗಳನ್ನು ಮುಂದಿಡುತ್ತಿದ್ದುದುಂಟು. 2022ರ 4.2 ಆವೃತ್ತಿಯಿಂದೀಚೆಗೆ, ಈಚಿನ ವಿಂಡೋಸ್‌ಗಳಲ್ಲಿ ಈ ತೊಡಕು ಬಹುಮಟ್ಟಿಗೆ ನೀಗಿದೆ. ಆದ್ದರಿಂದ ಎಲ್ಲರ ಯಂತ್ರದಲ್ಲೂ ಒಂದೇ ಹೊಸ ಆವೃತ್ತಿ ಇರುವುದು ಲೇಸು.

ಸ್ಥಾಪನೆ ಸರಿಯಾಗಿದೆಯೇ ಎಂದು ಪರೀಕ್ಷಿಸಲು ನಮ್ಮ ಕಂದವೇ ಸಾಕು. 12, 20, 12, 20 ಎಂಬ ಸಂಖ್ಯೆಗಳನ್ನು ಕೊಟ್ಟು ಸರಾಸರಿಯನ್ನು ಕೇಳಿ. 16 ಎಂಬ ಉತ್ತರ ಬರಬೇಕು. ಬಂದರೆ ಯಂತ್ರ ಸಿದ್ಧವಾಗಿದೆ. ಆದರೆ ಕಂದದ ಯಾವ ಪಾದದಲ್ಲೂ 16 ಮಾತ್ರೆಗಳಿಲ್ಲ! ಲೆಕ್ಕ ಸರಿಯಾಗಿಯೇ ಇದೆ. ಕಂದದ ನಡೆ ಮಾತ್ರ ಆ ಲೆಕ್ಕದಲ್ಲಿ ಕಾಣಿಸದು.

ಇನ್ನೊಂದು ಪರೀಕ್ಷೆ. 'ಕನ್ನಡ' ಎಂಬ ಪದವನ್ನು ಕೊಟ್ಟು ಅಕ್ಷರಗಳೆಷ್ಟು ಎಂದು ಕೇಳಿದರೆ ಆರ್ ಹೇಳುವುದು 5. ಏಕೆಂದರೆ ಯುನಿಕೋಡ್ ಒತ್ತಕ್ಷರವನ್ನು ಬಿಡಿಸಿ ಕ, ನ, ಹಲಂತದ ಚಿಹ್ನೆ, ನ, ಡ ಎಂದು ದಾಖಲಿಸುತ್ತದೆ. ಶಾಲೆಯ ಮಗು ಕ, ನ್ನ, ಡ ಎಂದು 3 ಅಕ್ಷರಗಳನ್ನು ಎಣಿಸುತ್ತದೆ. ಛಂದಸ್ಸಿನವರು ಒತ್ತಕ್ಷರದ ಹಿಂದಿನ ಕಕಾರವನ್ನು ಗುರುವೆಂದು ಹಿಡಿದು 4 ಮಾತ್ರೆಗಳೆನ್ನುತ್ತಾರೆ. ಮೂರೂ ಉತ್ತರಗಳು ತಮ್ಮ ತಮ್ಮ ನೆಲೆಯಲ್ಲಿ ಸರಿ. ನಮಗೆ ಬೇಕಾದುದು ಯಾವುದು ಎಂಬುದನ್ನು ಯಂತ್ರ ಹೇಳಲಾರದು. ಅದು ಭಾಷೆ ಬಲ್ಲವರ ಹೊಣೆ.

ಆದಕಾರಣ ನಾನು ವಿದ್ಯಾರ್ಥಿಗಳಿಗೆ ಸೂಚಿಸುವುದಿಷ್ಟು: ಸಿದ್ಧವಾದ ಲ್ಯಾಪ್‌ಟಾಪಿನ ಜೊತೆಗೆ ಒಂದು ಹಾಳೆಯನ್ನೂ ತನ್ನಿ. ತಾನು ಏನನ್ನು ಎಣಿಸಲಿದ್ದೇನೆ, ಏತಕ್ಕಾಗಿ ಎಣಿಸಲಿದ್ದೇನೆ ಎಂಬುದನ್ನು ಅದರಲ್ಲಿ ಎರಡು ವಾಕ್ಯಗಳಲ್ಲಿ ಬರೆದಿರಬೇಕು. ಆ ವಾಕ್ಯಗಳು ಸ್ಪಷ್ಟವಾಗಿದ್ದರೆ ಉಳಿದ ಕೆಲಸವನ್ನು ಯಂತ್ರಕ್ಕೆ ನಿಶ್ಚಿಂತೆಯಿಂದ ಒಪ್ಪಿಸಬಹುದು.