ಬಾಯಿ ತೆರೆದು ತೋರಿಸಿ, ಬಾಯಿ ಬಿಟ್ಟು ಹೇಳಿ



“ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬ ಗಾದೆಯನ್ನು ನೀವು ಮನೆಯ ಹಿರಿಯರ ಬಾಯಲ್ಲಿ ಕೇಳಿಯೇ ಇರುತ್ತೀರಿ. ಊಟಕ್ಕೂ ಮಾತಿಗೂ ಇರುವುದು ಒಂದೇ ದಾರಿ. ತುಟಿಯಿಂದ ಗಂಟಲಿನವರೆಗಿನ ಗೇಣುದ್ದದ ದಾರಿ ಅದು. ಆ ದಾರಿಯಲ್ಲಿ ಕ್ಯಾನ್ಸರ್ ಹುಟ್ಟಿದರೆ ಮನುಷ್ಯನ ಊಟವೂ ಹೋಗುತ್ತದೆ, ಮಾತೂ ಹೋಗುತ್ತದೆ. ಇದು ವೈದ್ಯರ ವಿಷಯ, ಹರೆಯದ ನಮಗೇಕೆ ಎಂದು ಪುಟ ತಿರುವಬೇಡಿ. ಹೈದರಾಬಾದಿನಲ್ಲಿ ಹುಟ್ಟಿ ಬೆಳೆದ ಕನ್ನಡದ ಮಕ್ಕಳು ಇಲ್ಲಿ ಮಾಡಬಹುದಾದ ಒಂದು ಕೆಲಸವಿದೆ. ಅದನ್ನು ಬೇರೆಯವರು ಅಷ್ಟು ಚೆನ್ನಾಗಿ ಮಾಡಲಾರರು.

ಏಕೆಂದು ಹೇಳುತ್ತೇನೆ. ಬೀದರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ರಾಜ್ಯ ಬದಲಾಯಿತು, ದಾರಿ ಬದಲಾಗಲಿಲ್ಲ. ಬೀದರಿನಿಂದ ಬೆಂಗಳೂರು ಸುಮಾರು 700 ಕಿಲೋಮೀಟರ್ ದೂರ; ಹೈದರಾಬಾದು 140ರ ಆಸುಪಾಸು. ಹೀಗಾಗಿ ಊರಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಎಂದರೆ ಅವರು ಬಸ್ಸೋ ರೈಲೋ ಹತ್ತಿ ಬರುವುದು ಇಲ್ಲಿಗೇ, ಇಳಿಯುವುದು ನಿಮ್ಮ ಮನೆಯಲ್ಲೇ. ಅಪ್ಪ ಅಮ್ಮ ಕೆಲಸಕ್ಕೆ ಹೋದಾಗ ಅವರನ್ನು ಆಸ್ಪತ್ರೆಗೆ ಕರೆದೊಯ್ಯುವವರು ಯಾರು? ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಮತ್ತು ಉರ್ದು, ಕಾಲೇಜಿನಲ್ಲಿ ಇಂಗ್ಲಿಷ್ ಆಡುವ ನೀವೇ!

ಯಾವುದು ಈ ರೋಗ?

ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಎಂದರೆ ಮೆದುಳಿನ ಗಡ್ಡೆಯಲ್ಲ. ತುಟಿ, ನಾಲಿಗೆ, ಕೆನ್ನೆಯ ಒಳಭಾಗ, ಒಸಡು, ಅಂಗುಳ, ಗಂಟಲು, ಧ್ವನಿಪೆಟ್ಟಿಗೆ, ಮೂಗಿನ ಒಳಭಾಗ, ಜೊಲ್ಲಿನ ಗ್ರಂಥಿ ಇವುಗಳ ಕ್ಯಾನ್ಸರುಗಳನ್ನು ಒಟ್ಟಿಗೆ ಸೇರಿಸಿ ಹಾಗೆ ಕರೆಯುತ್ತಾರೆ. ಅಂತಾರಾಷ್ಟ್ರೀಯ ಅಂದಾಜಿನಂತೆ 2022ರಲ್ಲಿ ತುಟಿ ಮತ್ತು ಬಾಯಿಯ ಕ್ಯಾನ್ಸರ್ ಒಂದೇ ನಮ್ಮ ದೇಶದಲ್ಲಿ 1 ಲಕ್ಷ 40 ಸಾವಿರಕ್ಕೂ ಹೆಚ್ಚು ಜನರಿಗೆ ಹೊಸದಾಗಿ ಬಂತು. ಜಗತ್ತಿನ ಒಟ್ಟು ಲೆಕ್ಕದಲ್ಲಿ ಇದು ಮೂರನೆಯ ಒಂದು ಪಾಲಿಗಿಂತ ಹೆಚ್ಚು. ಭಾರತದ ಗಂಡಸರಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಇದೇ.

ಕಾರಣಗಳು ಗುಟ್ಟಿನವೇನಲ್ಲ. ಮೊದಲನೆಯದು ತಂಬಾಕು. ಬೀಡಿ, ಸಿಗರೇಟು, ಚುಟ್ಟ ಸೇದುವುದು ಒಂದು ಬಗೆ. ಹೊಗೆಸೊಪ್ಪು, ಜರ್ದಾ, ಖೈನಿ, ಗುಟ್ಕಾ ಅಗಿಯುವುದು ಇನ್ನೊಂದು ಬಗೆ. 2016–17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ನೂರಕ್ಕೆ 28ಕ್ಕೂ ಹೆಚ್ಚು ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಅವರಲ್ಲಿ ಸೇದುವವರಿಗಿಂತ ಅಗಿಯುವವರೇ ಹೆಚ್ಚು. ಕರಾವಳಿ ಆಂಧ್ರದಲ್ಲಿ ಚುಟ್ಟದ ಉರಿಯುವ ತುದಿಯನ್ನೇ ಬಾಯೊಳಗಿಟ್ಟು ಸೇದುವ ‘ಅಡ್ಡಪೊಗ’ ಎಂಬ ಅಭ್ಯಾಸವಿದೆ. ಹೆಚ್ಚಾಗಿ ಹೆಂಗಸರೇ ಹಾಗೆ ಸೇದುತ್ತಾರೆ. ಬೇರೆಡೆ ಅಪರೂಪವಾದ ಗಟ್ಟಿ ಅಂಗುಳದ ಕ್ಯಾನ್ಸರ್ ಅಲ್ಲಿ ಹೆಚ್ಚಾಗಿ ಕಂಡುಬಂದದ್ದು ಇದರಿಂದಲೇ.

ಎರಡನೆಯದು ಅಡಿಕೆ. ಇದನ್ನು ಕೇಳಿದರೆ ನಮ್ಮವರಿಗೆ ಬೇಸರವಾದೀತು. ತಾಂಬೂಲವಿಲ್ಲದೆ ನಮ್ಮಲ್ಲಿ ಶುಭಕಾರ್ಯವಿಲ್ಲ. ಅಡಿಕೆ ನಮ್ಮ ರೈತರ ಬದುಕು. ಆದರೂ ಸತ್ಯವನ್ನು ಮರೆಮಾಚಬಾರದು. ತಂಬಾಕು ಸೇರದ ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿತು. ಬಿಡದೆ ಅಡಿಕೆ ಅಗಿದರೆ ಕೆನ್ನೆಯ ಒಳಪದರ ಬೆಳ್ಳಗಾಗಿ, ನಾರುನಾರಾಗಿ ಬಿಗಿಯುತ್ತದೆ. ಬರಬರುತ್ತ ಬಾಯಿ ತೆರೆಯಲಾಗುವುದಿಲ್ಲ. ಇದು ಕ್ಯಾನ್ಸರಿನ ಮುನ್ಸೂಚನೆ. ಗುಟ್ಕಾವನ್ನು ಆಂಧ್ರಪ್ರದೇಶ, ಕರ್ನಾಟಕ ಎರಡೂ 2013ರಲ್ಲಿ ನಿಷೇಧಿಸಿದವು. ವ್ಯಾಪಾರಿಗಳು ಸುಮ್ಮನಿದ್ದರೇ? ಪಾನ್ ಮಸಾಲೆ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದು ಚೀಟಿಯಲ್ಲಿ ಮಾರತೊಡಗಿದರು. ಕಾಲೇಜಿನ ಗೇಟಿನೆದುರಿನ ಪಾನ್ ಡಬ್ಬಾದಲ್ಲಿ ಈ ಜೋಡಿ ಚೀಟಿಗಳನ್ನು ನೀವು ನೋಡಿಲ್ಲವೇ?

ಮೂರನೆಯದು ಮದ್ಯ. ತಂಬಾಕು, ಮದ್ಯ ಎರಡೂ ಜೊತೆಯಾದರೆ ಅಪಾಯ ಕೂಡುವುದಿಲ್ಲ, ಗುಣಿಸುತ್ತದೆ. ಇವಲ್ಲದೆ ಹೆಚ್.ಪಿ.ವಿ. ಎಂಬ ವೈರಾಣು ಗಂಟಲಿನ ಕೆಲವು ಕ್ಯಾನ್ಸರುಗಳಿಗೆ ಕಾರಣ. ಆದ್ದರಿಂದ ಯಾವ ಚಟವೂ ಇಲ್ಲದವರು ಕೂಡ ಲಕ್ಷಣ ಕಂಡಾಗ ಅಲಕ್ಷ್ಯ ಮಾಡಬಾರದು.

ಮೂರು ವಾರದ ಲೆಕ್ಕ

ಹೊಟ್ಟೆಯೊಳಗಿನ ರೋಗ ಕಣ್ಣಿಗೆ ಕಾಣದು. ಬಾಯಿಯ ರೋಗ ಹಾಗಲ್ಲ. ಒಂದು ಟಾರ್ಚು, ಒಂದು ಕನ್ನಡಿ ಇದ್ದರೆ ಕಾಣುತ್ತದೆ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿಯನ್ನು ಬರಿಗಣ್ಣಿನಿಂದ ಪರೀಕ್ಷಿಸಿದರು. ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನ ಸಾವುಗಳು ಇದರಿಂದ ಸುಮಾರು ಮೂರನೆಯ ಒಂದು ಪಾಲು ಕಡಿಮೆಯಾದವೆಂದು 2005ರಲ್ಲಿ ಫಲಿತಾಂಶ ಹೊರಬಂತು. ಯಂತ್ರವಿಲ್ಲ, ಔಷಧಿಯಿಲ್ಲ, ನೋಡಿದ್ದಷ್ಟೇ!

ಏನನ್ನು ನೋಡಬೇಕು? ಈ ಕೆಳಗಿನ ಯಾವುದೇ ಒಂದು ಲಕ್ಷಣ ಮೂರು ವಾರವಾದರೂ ಹೋಗದಿದ್ದರೆ ವೈದ್ಯರಲ್ಲಿಗೆ ಹೋಗಲೇಬೇಕು: ಮಾಯದ ಬಾಯಿಹುಣ್ಣು, ಬಾಯೊಳಗೆ ಬಿಳಿಯ ಅಥವಾ ಕೆಂಪು ಮಚ್ಚೆ, ಒಡೆದ ದನಿ, ನುಂಗುವಾಗ ನೋವು ಅಥವಾ ತಡೆ, ಕುತ್ತಿಗೆಯಲ್ಲಿ ಗಂಟು, ಕಾರಣವಿಲ್ಲದೆ ಅಲುಗಾಡುವ ಹಲ್ಲು, ಒಂದೇ ಕಡೆಯ ಕಿವಿನೋವು, ಮೂಗಿನ ಒಂದೇ ಹೊಳ್ಳೆಯಲ್ಲಿ ರಕ್ತ. ಇನ್ನೊಂದು ಸುಲಭ ಪರೀಕ್ಷೆ ಇದೆ. ನಿಮ್ಮ ನಡುವಿನ ಮೂರು ಬೆರಳನ್ನು ಒಂದರ ಮೇಲೊಂದು ಬರುವಂತೆ ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಇಟ್ಟು ನೋಡಿ. ಹಿಡಿಸದಿದ್ದರೆ ಬಾಯಿ ಬಿಗಿಯುತ್ತಿದೆ ಎಂದರ್ಥ. ಒಂದು ಮಾತು ನೆನಪಿಡಿ. ಮೊದಮೊದಲು ಈ ಹುಣ್ಣು ನೋಯದೇ ಇರಬಹುದು. ನೋವಿಲ್ಲವೆಂದು ಸುಮ್ಮನಿರುವುದೇ ದೊಡ್ಡ ಮೋಸ.

ಇಷ್ಟು ಸುಲಭವಾಗಿ ಕಾಣುವ ರೋಗವಾದರೂ ನಮ್ಮ ದೇಶದಲ್ಲಿ ಅರ್ಧಕ್ಕಿಂತ ಹೆಚ್ಚು ರೋಗಿಗಳು ಆಸ್ಪತ್ರೆ ಮುಟ್ಟುವುದು ಅದು ಮುಂದುವರಿದ ಮೇಲೆ. ಹೆದರಿಕೆ, ಬಡತನ, ನಾಚಿಕೆ ಇವೆಲ್ಲ ಕಾರಣಗಳೇ. ಆದರೆ ಆಸ್ಪತ್ರೆಯ ಬಾಗಿಲಿಗೆ ಬಂದ ಮೇಲೂ ಒಂದು ತೊಡಕಿದೆ. ಅದು ಮಾತಿನ ತೊಡಕು.

ನೀವು ದುಭಾಷಿಗಳು

ವೈದ್ಯರು “ಸಿಗರೇಟು ಸೇದುತ್ತಾರಾ?” ಎಂದು ಕೇಳುತ್ತಾರೆ. ಅಜ್ಜಿ ಇಲ್ಲ ಎನ್ನುತ್ತಾಳೆ. ಅದು ಸುಳ್ಳಲ್ಲ. “ಚಟ ಏನಾದರೂ ಇದೆಯೇ?” ಎಂದರೂ ಇಲ್ಲವೆಂದೇ ಹೇಳುತ್ತಾಳೆ. ನಲವತ್ತು ವರ್ಷದಿಂದ ಎಲೆ ಅಡಿಕೆಯೊಂದಿಗೆ ಹಾಕುವ ಹೊಗೆಸೊಪ್ಪಿನ ತುಣುಕು ಅವಳ ಲೆಕ್ಕದಲ್ಲಿ ಚಟವೇ ಅಲ್ಲ, ಊಟದ ಕೊನೆಯ ತುತ್ತು! ಅವಳ ಎಲೆಸಂಚಿಯನ್ನು ಬಾಲ್ಯದಿಂದ ನೋಡಿದ ನಿಮಗೆ ಅದು ಗೊತ್ತು, ವೈದ್ಯರಿಗೆ ಗೊತ್ತಿಲ್ಲ. ನೀವೇ ಹೇಳಬೇಕು.

ಗುಲ್ಬರ್ಗಾ ಕಡೆಯ ಹಿರಿಯರು “ಗಂಟಲ ಹಿಡದದ” ಎಂದರೆ ಅದಕ್ಕೆ ಮೂರು ಅರ್ಥಗಳಿರಬಹುದು: ದನಿ ಒಡೆದಿದೆ, ಅನ್ನ ಇಳಿಯುತ್ತಿಲ್ಲ, ಅಥವಾ ನೋವಿದೆ. ವೈದ್ಯರಿಗೆ ಈ ಮೂರೂ ಬೇರೆ ಬೇರೆ ದಾರಿ ತೋರಿಸುತ್ತವೆ. “ಖಾರ ತಿನ್ನಾಕ ಆಗವಲ್ದು, ಬಾಯಿ ಉರೀತದ” ಎಂದರೆ ನೀವು ಅವಸರದಲ್ಲಿ ಅಸಿಡಿಟಿ ಎಂದುಬಿಟ್ಟೀರಿ. ಅಡಿಕೆಯಿಂದ ಬಾಯಿ ಬಿಗಿಯುವ ರೋಗದ ಮೊದಲ ಲಕ್ಷಣ ಈ ಉರಿಯೇ ಎಂದು ತಿಳಿದಿದ್ದರೆ ಹಾಗೆ ಹೇಳುವುದಿಲ್ಲ. ಆದ್ದರಿಂದ ತಿರುಗಿ ಕೇಳಿ: ಯಾವಾಗಿನಿಂದ? ಯಾವ ಕಡೆ? ನೀರು ಇಳಿಯುತ್ತದೆಯೋ, ರೊಟ್ಟಿ ಇಳಿಯುತ್ತದೆಯೋ? ಹೀಗೆ ಕೇಳಲು ಅಡಿಗೆಮನೆಯ ಕನ್ನಡ ಬೇಕು. ಆ ಕನ್ನಡ ನಿಮ್ಮಲ್ಲಿದೆ. ಅದು ಅರೆಬರೆ ಎಂಬ ಸಂಕೋಚ ಬೇಡ.

ಪರೀಕ್ಷೆಗಳು

ಕಿವಿ-ಮೂಗು-ಗಂಟಲು ತಜ್ಞರು ಅಥವಾ ಕ್ಯಾನ್ಸರ್ ಶಸ್ತ್ರವೈದ್ಯರು ಮೊದಲು ಬಾಯಿಯನ್ನು ನೋಡಿ, ಬೆರಳಿನಿಂದ ಮುಟ್ಟಿ, ಕುತ್ತಿಗೆಯನ್ನು ತಡವಿ ಪರೀಕ್ಷಿಸುತ್ತಾರೆ. ಗಂಟಲಿನ ಆಳವನ್ನು ಮೂಗಿನ ಮೂಲಕ ಇಳಿಸುವ ಸಣ್ಣ ದುರ್ಬೀನಿನಿಂದ ನೋಡುತ್ತಾರೆ. ಅನುಮಾನದ ಜಾಗದಿಂದ ಚೂರು ಮಾಂಸ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದೇ ಬಯಾಪ್ಸಿ. ರೋಗವಿದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಇದರಿಂದಲೇ. “ಚಾಕು ತಾಗಿದರೆ ಹರಡುತ್ತದೆ” ಎಂದು ಊರಿನವರು ಹೆದರಿಸುತ್ತಾರೆ. ಅದು ತಪ್ಪು. ಹರಡುವುದು ತಡಮಾಡಿದರೆ. ಕುತ್ತಿಗೆಯ ಗಂಟನ್ನು ಸಾಮಾನ್ಯವಾಗಿ ಕೊಯ್ಯುವುದಿಲ್ಲ. ತೆಳ್ಳನೆಯ ಸೂಜಿಯಿಂದ ಜೀವಕೋಶಗಳನ್ನು ಹೀರಿ ಪರೀಕ್ಷಿಸುತ್ತಾರೆ. ಆಮೇಲೆ ರೋಗ ಎಷ್ಟು ಆಳಕ್ಕೆ, ಎಷ್ಟು ದೂರಕ್ಕೆ ಹೋಗಿದೆ ಎಂದು ತಿಳಿಯಲು ಸಿ.ಟಿ. ಅಥವಾ ಎಂ.ಆರ್.ಐ. ಸ್ಕ್ಯಾನು, ಬೇಕಾದರೆ ಪೆಟ್ ಸ್ಕ್ಯಾನು. ಗಡ್ಡೆಯ ಗಾತ್ರ, ಕುತ್ತಿಗೆಯ ಗ್ರಂಥಿಗಳು, ದೂರದ ಅಂಗಗಳು ಈ ಮೂರನ್ನೂ ನೋಡಿ ರೋಗವನ್ನು ಒಂದರಿಂದ ನಾಲ್ಕರವರೆಗಿನ ಹಂತಗಳಲ್ಲಿ ಗುರುತಿಸುತ್ತಾರೆ.

ಚಿಕಿತ್ಸೆ

ಮೊದಲ ಹಂತಗಳಲ್ಲಿ ಸಾಮಾನ್ಯವಾಗಿ ಒಂದೇ ಚಿಕಿತ್ಸೆ ಸಾಕು: ಬಾಯಿಗೆ ಶಸ್ತ್ರಕ್ರಿಯೆ, ಧ್ವನಿಪೆಟ್ಟಿಗೆಗೆ ಬಹುಪಾಲು ವಿಕಿರಣ. ಗುಣವಾಗುವವರೇ ಹೆಚ್ಚು. ಬಾಯಿಯ ಗಡ್ಡೆಯೊಂದಿಗೆ ಕುತ್ತಿಗೆಯ ಗ್ರಂಥಿಗಳನ್ನೂ ಆಗಲೇ ತೆಗೆಯಬೇಕೋ, ಅಲ್ಲಿ ರೋಗ ಕಂಡ ಮೇಲೆ ತೆಗೆದರೆ ಸಾಕೋ ಎಂಬ ಹಳೆಯ ಚರ್ಚೆಗೆ ಉತ್ತರ ಸಿಕ್ಕಿದ್ದು ನಮ್ಮ ದೇಶದಲ್ಲೇ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮೊದಲೇ ತೆಗೆದವರಲ್ಲಿ ಮೂರು ವರ್ಷದ ನಂತರ ನೂರಕ್ಕೆ 80 ಜನ ಬದುಕಿದ್ದರು; ಕಾದು ತೆಗೆದವರಲ್ಲಿ ಸುಮಾರು 67.

ರೋಗ ಮುಂದುವರಿದಿದ್ದರೆ ಶಸ್ತ್ರಕ್ರಿಯೆಯ ನಂತರ ವಿಕಿರಣ, ಕೆಲವೊಮ್ಮೆ ಅದರ ಜೊತೆಗೆ ಸಿಸ್‌ಪ್ಲಾಟಿನ್ ಎಂಬ ಔಷಧಿ. ದವಡೆ, ನಾಲಿಗೆ ತೆಗೆದ ಜಾಗಕ್ಕೆ ಎದೆಯ, ತೊಡೆಯ ಅಥವಾ ಕಾಲಿನ ಮಾಂಸ, ಚರ್ಮ, ಎಲುಬು ತಂದು ಕೂಡಿಸುತ್ತಾರೆ. ವಿಕಿರಣ ಚಿಕಿತ್ಸೆ ವಾರಕ್ಕೆ ಐದು ದಿನದಂತೆ ಆರೇಳು ವಾರ ನಡೆಯುತ್ತದೆ. ಬಾಯಿ ಹುಣ್ಣಾಗುತ್ತದೆ, ಜೊಲ್ಲು ಆರುತ್ತದೆ, ರುಚಿ ಹೋಗುತ್ತದೆ. ನಾಲ್ಕನೆಯ ವಾರಕ್ಕೆ “ಸಾಕು, ಊರಿಗೆ ಹೋಗೋಣ” ಎನ್ನುವವರೇ ಬಹಳ. ನಡುವೆ ನಿಲ್ಲಿಸಿದರೆ ಪಟ್ಟ ಪಾಡೆಲ್ಲ ವ್ಯರ್ಥವಾದೀತು. ಮೂಗಿನ ನಳಿಕೆಯಿಂದಾದರೂ ಗಂಜಿ ಕೊಟ್ಟು ದಾಟಿಸಬೇಕು. ವಿಕಿರಣಕ್ಕೆ ಮುಂಚೆಯೇ ದಂತವೈದ್ಯರಿಗೆ ಹಲ್ಲು ತೋರಿಸಿ. ಆಮೇಲೆ ಹಲ್ಲು ಕಿತ್ತರೆ ದವಡೆಯ ಎಲುಬು ಮಾಯುವುದು ಕಷ್ಟ.

ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾದರೆ ಉಸಿರಾಟ ಕುತ್ತಿಗೆಯ ರಂಧ್ರದಿಂದ. ಆದರೆ ಮಾತು ಮುಗಿಯಿತೆಂದಲ್ಲ. ಉಸಿರುನಾಳಕ್ಕೂ ಅನ್ನನಾಳಕ್ಕೂ ನಡುವೆ ಒಂದು ಪುಟ್ಟ ಕವಾಟ ಇಟ್ಟರೆ ರೋಗಿ ಮತ್ತೆ ಮಾತಾಡುತ್ತಾನೆ. ಸಾವಿರಾರು ರೂಪಾಯಿಯ ಆಮದು ಸಾಧನಕ್ಕೆ ಬದಲಾಗಿ ಬೆಂಗಳೂರಿನ ಶಸ್ತ್ರವೈದ್ಯ ಡಾ. ವಿಶಾಲ್ ರಾವ್ ಮತ್ತು ಉದ್ಯಮಿ ಶಶಾಂಕ್ ಮಹೇಶ್ ಸುಮಾರು 50 ರೂಪಾಯಿಯ ‘ಓಂ’ ಸಾಧನವನ್ನು ರೂಪಿಸಿದರು. ನಮ್ಮವರ ಈ ಸಾಧನೆ ನಿಮಗೆ ಹೆಮ್ಮೆ ತರಲಿ.

ನಮ್ಮ ಹೈದರಾಬಾದಿನಲ್ಲಿ

ರೆಡ್ ಹಿಲ್ಸಿನ ಎಂ.ಎನ್.ಜೆ. ಕ್ಯಾನ್ಸರ್ ಸಂಸ್ಥೆ 1955ರಿಂದ ಇದೆ. ಅದಕ್ಕೆ ಹೆಸರು ಕೊಟ್ಟ ಮೆಹ್ದಿ ನವಾಜ್ ಜಂಗ್ ಮುಂದೆ ಗುಜರಾತಿನ ಮೊದಲ ರಾಜ್ಯಪಾಲರಾದರು. ಇದು ಸರಕಾರಿ ಆಸ್ಪತ್ರೆ, ಬಡವರ ಆಸರೆ. ಪಂಜಾಗುಟ್ಟದಲ್ಲಿ ನಿಮ್ಸ್ ಇದೆ. ಕ್ಯಾನ್ಸರಿನಿಂದ ತೀರಿಕೊಂಡ ಎನ್.ಟಿ. ರಾಮರಾವ್ ಅವರ ಪತ್ನಿಯ ನೆನಪಿನ ಬಸವತಾರಕಂ ಆಸ್ಪತ್ರೆ 2000ದಲ್ಲಿ ಬಂಜಾರಾ ಹಿಲ್ಸಿನಲ್ಲಿ ಆರಂಭವಾಯಿತು. ಊರಿಂದ ಬರುವವರಿಗೆ ಮೊದಲೇ ಒಂದು ಮಾತು ಹೇಳಿ: ತೆಲಂಗಾಣದ ಆರೋಗ್ಯಶ್ರೀ ಇಲ್ಲಿನ ಕುಟುಂಬಗಳಿಗೆ, ಕರ್ನಾಟಕದವರ ಯೋಜನೆ ಬೇರೆ. ಹಳೆಯ ವರದಿ, ಸ್ಕ್ಯಾನು, ಗುರುತಿನ ಚೀಟಿ, ಪಡಿತರ ಚೀಟಿ ಎಲ್ಲವನ್ನೂ ತರಲಿ. ಯಾವ ಕಾರ್ಡು ಎಲ್ಲಿ ನಡೆಯುತ್ತದೆಂದು ಆಸ್ಪತ್ರೆಯ ಕೌಂಟರಿನಲ್ಲಿ ಮುಂಚಿತವಾಗಿ ವಿಚಾರಿಸಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಶಾಖೆ ಕಲಬುರಗಿಯಲ್ಲೂ ಇರುವುದನ್ನು ಅವರಿಗೆ ನೆನಪಿಸಿ.

ಕೊನೆಗೆ ಕಠಿಣವಾದ ಮಾತು. ವರದಿ ಬಂದ ದಿನ ಮನೆಯ ಹಿರಿಯರು ನಿಮ್ಮನ್ನು ಪಕ್ಕಕ್ಕೆ ಕರೆದು “ಅಜ್ಜನಿಗೆ ಹೇಳಬೇಡ” ಎನ್ನುತ್ತಾರೆ. ಅದು ಪ್ರೀತಿಯ ಮಾತೇ. ಆದರೆ ನಾಳೆ ನಾಲಿಗೆಯನ್ನೋ ದನಿಯನ್ನೋ ಕಳೆದುಕೊಳ್ಳುವವರು ಅಜ್ಜ, ನಾವಲ್ಲ. ವೈದ್ಯರು ಅಜ್ಜನ ಒಪ್ಪಿಗೆ ಕೇಳುವಾಗ ನಡುವೆ ನಿಂತು ಬೇರೆಯದೇ ಮಾತು ಹೇಳುವ ಹಕ್ಕು ದುಭಾಷಿಗೆ ಇಲ್ಲ. ಅಜ್ಜ ಎಷ್ಟು ತಿಳಿಯಲು ಬಯಸುತ್ತಾನೆಂದು ಅವನನ್ನೇ ಕೇಳಿ. ಮೆಲ್ಲಗೆ, ಪಕ್ಕದಲ್ಲಿ ಕೂತು, ಕೈ ಹಿಡಿದು ಹೇಳಿ. ನಿಮ್ಮ ಮೇಲಿನ ಭಾರ ಹೆಚ್ಚೆನಿಸಿದರೆ ದೊಡ್ಡವರೊಬ್ಬರನ್ನು ಜೊತೆಗಿಟ್ಟುಕೊಳ್ಳಿ.

ಈ ಭಾನುವಾರವೇ ಒಂದು ಕೆಲಸ ಮಾಡಿ. ಟಾರ್ಚು ತೆಗೆದುಕೊಂಡು ಮನೆಯವರೆಲ್ಲರ ಬಾಯಿ ನೋಡಿ. ಎಲೆ ಅಡಿಕೆ ಹಾಕುವವರು, ಬೀಡಿ ಸೇದುವವರು ಮೊದಲು. ನಾಲಿಗೆಯ ಅಡಿ, ಕೆನ್ನೆಯ ಒಳಬದಿ ಬಿಡಬೇಡಿ. ಅವರು ನಗಲಿ, ಬಯ್ಯಲಿ, ನೀವು ನೋಡಿ. ನಿಮ್ಮ ಜೇಬಿನಲ್ಲೂ ಜೋಡಿ ಚೀಟಿ ಇದ್ದರೆ ಅಂದೇ ಎಸೆಯಿರಿ. ಕನ್ನಡ ಕಲಿತು ಈ ಊರಲ್ಲಿ ಏನು ಪ್ರಯೋಜನ ಎಂದು ಯಾರಾದರೂ ಕೇಳಿದರೆ, ಬೀದರಿನಿಂದ ಬಂದ ಅಜ್ಜಿಯ ಒಂದು ಮಾತು ವೈದ್ಯರಿಗೆ ಸರಿಯಾಗಿ ಮುಟ್ಟಿತೆಂದು ಹೇಳಿ.