ಹತ್ತಿಯ ಹೊಲದಿಂದ ಶಿಕಾಗೋ ಪೇಟೆಗೆ: ಒಂದು ಬ್ಲೂಸ್ ಮೇಳದ ಗುರುಪರಂಪರೆ

ಆಟ ರೈಸಿತೆಂದು ಹೇಳುವಾಗ ನಾವು ಮೊದಲು ಭಾಗವತರ ಹೆಸರೆತ್ತುತ್ತೇವೆ. ಮದ್ದಲೆಯವರು ಯಾರ ಶಿಷ್ಯರು, ಚೆಂಡೆಯವರು ಯಾವ ಮೇಳದಲ್ಲಿ ಪಳಗಿದವರು ಎಂದು ವಿಚಾರಿಸುವ ವಾಡಿಕೆಯೂ ನಮ್ಮ ಹಿರಿಯರಲ್ಲಿದೆ. ಹಾಡಿನ ಗುಟ್ಟು ಹಿಮ್ಮೇಳದಲ್ಲಿಯೂ ಇರುತ್ತದೆಂಬುದನ್ನು ಅವರು ಬಲ್ಲರು. ಅದೇ ಪ್ರಶ್ನೆಯನ್ನು ದೂರದ ಅಮೆರಿಕದ ಒಂದು ಮೇಳದ ಬಗ್ಗೆ ಕೇಳಿ ನೋಡೋಣ. 1950ರ ಆಸುಪಾಸಿನಲ್ಲಿ ಶಿಕಾಗೋ ನಗರದ ದಕ್ಷಿಣ ಭಾಗದ ಮದ್ಯದಂಗಡಿಗಳಲ್ಲಿ ರಾತ್ರಿ ಹೊತ್ತು ಹಾಡುತ್ತಿದ್ದ ಮಡ್ಡಿ ವಾಟರ್ಸ್ ಅವರ ಬ್ಲೂಸ್ ತಂಡವೇ ಆ ಮೇಳ.

ಬ್ಲೂಸ್ ಎಂದರೆ ಅಮೆರಿಕದ ದಕ್ಷಿಣದ ರಾಜ್ಯಗಳ ಕರಿಯ ಜನರ ದುಃಖದ ಹಾಡು. 1865ರಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಕೊನೆಗೊಂಡಿತಾದರೂ ಅವರಲ್ಲಿ ಹೆಚ್ಚಿನವರು ಬಿಳಿಯ ಭೂಮಾಲಿಕರ ಹತ್ತಿ ಹೊಲಗಳಲ್ಲಿ ಪಾಲಿಗೆ ದುಡಿಯುವ ಒಕ್ಕಲುಗಳಾಗಿಯೇ ಉಳಿದರು. ನಮ್ಮಲ್ಲಿ ನೇಜಿ ನೆಡುವಾಗ ಹೆಂಗಸರು ಪಾಡ್ದನ ಹೇಳುವಂತೆ ಅಲ್ಲಿಯೂ ಹೊಲದ ಕೆಲಸಕ್ಕೆ ಹಾಡಿತ್ತು, ಕೂಗಿತ್ತು. ಅದರಿಂದಲೂ ಚರ್ಚಿನ ಹಾಡುಗಳಿಂದಲೂ ಬ್ಲೂಸ್ ಬೆಳೆಯಿತು. ಸಾಮಾನ್ಯವಾಗಿ ಒಂದು ಸಾಲನ್ನು ಎರಡು ಬಾರಿ ಹಾಡಿ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುವುದು ಅದರ ಕಟ್ಟು.

ಮಡ್ಡಿ ವಾಟರ್ಸ್ ಅವರ ನಿಜ ನಾಮಧೇಯ ಮೆಕಿನ್ಲಿ ಮಾರ್ಗನ್‌ಫೀಲ್ಡ್. ತಾಯಿ ಬೇಗನೆ ತೀರಿಕೊಂಡುದರಿಂದ ಮಿಸಿಸಿಪ್ಪಿ ರಾಜ್ಯದ ಸ್ಟೊವಾಲ್ ತೋಟದಲ್ಲಿ ಅಜ್ಜಿ ಅವರನ್ನು ಸಾಕಿದರು. ಕೆಸರಿನಲ್ಲಿ ಆಡುತ್ತಿದ್ದ ಮೊಮ್ಮಗನಿಗೆ 'ಮಡ್ಡಿ' ಎಂದು ಹೆಸರಿಟ್ಟವರೂ ಆ ಅಜ್ಜಿಯೇ. ಮೊದಲು ಕೈಗೆ ಬಂದುದು ಮೌತ್ ಆರ್ಗನ್. ಹದಿನೇಳರ ವಯಸ್ಸಿನಲ್ಲಿ ಮನೆಯಲ್ಲಿ ಉಳಿದಿದ್ದ ಕೊನೆಯ ಕುದುರೆಯನ್ನು ಮಾರಿ, ಬಂದ ಹಣದಲ್ಲಿ ಅರ್ಧವನ್ನು ಅಜ್ಜಿಗೆ ಕೊಟ್ಟು, ಸುಮಾರು ಎರಡೂವರೆ ಡಾಲರಿಗೆ ಹಳೆಯ ಗಿಟಾರೊಂದನ್ನು ಕೊಂಡರು. ಸೀಸೆಯ ಕುತ್ತಿಗೆಯ ತುಂಡನ್ನು ತಂತಿಯ ಮೇಲೆ ಜಾರಿಸಿ ನುಡಿಸುತ್ತಿದ್ದ ಸನ್ ಹೌಸ್ ಅವರೇ ಗುರು. ಎದುರು ಕುಳಿತು ಪಾಠ ಹೇಳಿಸಿಕೊಂಡದ್ದಲ್ಲ. ಅವರು ನುಡಿಸುವಲ್ಲಿಗೆ ಹೋಗಿ ಕೇಳಿ, ನೋಡಿ ಕಲಿತದ್ದು. 1938ರಲ್ಲಿ ಎಳೆಯ ವಯಸ್ಸಿನಲ್ಲಿಯೇ ತೀರಿಹೋದ ರಾಬರ್ಟ್ ಜಾನ್ಸನ್ ಅವರ ಗ್ರಾಮಫೋನ್ ತಟ್ಟೆಗಳು ಇನ್ನೊಂದು ಪಾಠಶಾಲೆ. ಸ್ವರವನ್ನು ನಡುಗಿಸುವ ಕ್ರಮ ಚರ್ಚಿನಿಂದ ಬಂತು.

1941ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಆಲನ್ ಲೊಮಾಕ್ಸ್, ಕರಿಯರ ವಿದ್ಯಾಸಂಸ್ಥೆಯಾದ ಫಿಸ್ಕ್ ವಿಶ್ವವಿದ್ಯಾನಿಲಯದ ಜಾನ್ ವರ್ಕ್ ಅವರೊಂದಿಗೆ ಧ್ವನಿಮುದ್ರಣದ ಯಂತ್ರವನ್ನು ಹೊತ್ತು ಈ ತೋಟಕ್ಕೆ ಬಂದರು. ತನ್ನ ದನಿಯನ್ನು ಯಂತ್ರದಿಂದ ಕೇಳಿದಾಗಲೇ ತನ್ನಲ್ಲಿಯೂ ಸತ್ವವಿದೆಯೆಂಬ ಧೈರ್ಯ ಮಡ್ಡಿಯವರಿಗೆ ಬಂತು. ಆಗ ಅವರು ತೋಟದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದರು. ಗಂಟೆಗೆ ಇಪ್ಪತ್ತೆರಡೂವರೆ ಸೆಂಟು ಕೂಲಿ. ಅದನ್ನು 25 ಸೆಂಟು ಮಾಡಿರೆಂದು ಕೇಳಿದ್ದಕ್ಕೆ ಮೇಸ್ತ್ರಿಯಿಂದ ಬೈಗುಳ ದೊರೆಯಿತು. 1943ರಲ್ಲಿ ಅವರು ಶಿಕಾಗೋದ ರೈಲು ಹತ್ತಿದರು. ಅದು ಒಬ್ಬರ ಪಯಣವಲ್ಲ. 1910ರಿಂದ 1970ರ ವರೆಗೆ ಸುಮಾರು 60 ಲಕ್ಷ ಕರಿಯರು ಹೀಗೆ ದಕ್ಷಿಣವನ್ನು ಬಿಟ್ಟು ಹೊರಟರು.

ಹಗಲು ಕಾಗದದ ಕಾರ್ಖಾನೆಯಲ್ಲಿ ದುಡಿತ, ರಾತ್ರಿ ಹಾಡು. ಪೇಟೆಯ ಗದ್ದಲದಲ್ಲಿ ಹಳ್ಳಿಯ ಗಿಟಾರು ಕೇಳಿಸದಾದಾಗ ವಿದ್ಯುತ್ ಗಿಟಾರನ್ನು ಹಿಡಿದರು. ತೋಟದ ಗುಡಿಸಲಲ್ಲಿ 1941ರಲ್ಲಿ ಹಾಡಿದ್ದ ಒಂದು ಹಾಡನ್ನೇ 1948ರಲ್ಲಿ ಬೇರೆ ಹೆಸರಿನಿಂದ ಶಿಕಾಗೋದಲ್ಲಿ ಮುದ್ರಿಸಿದಾಗ ತಟ್ಟೆಗಳು ಬಿಸಿ ದೋಸೆಯಂತೆ ಖರ್ಚಾದುವು. ಕೊಂಡವರಲ್ಲಿ ಬಹಳ ಮಂದಿ ಅದೇ ದಕ್ಷಿಣದಿಂದ ಬಂದವರು. ಊರು ಬಿಟ್ಟವರಿಗೆ ಊರಿನ ದನಿ ಬೇಕಾಗಿತ್ತು.

ಇನ್ನು ಹಿಮ್ಮೇಳದವರು. ಎರಡನೆಯ ಗಿಟಾರಿನ ಜಿಮ್ಮಿ ರೋಜರ್ಸ್ ಮಿಸಿಸಿಪ್ಪಿಯ ರೂಲ್‌ವಿಲ್ ಊರಿನವರು. ಮಡ್ಡಿಯವರ ನುಡಿಸಾಣಿಕೆಗೆ ಅಡ್ಡ ಬಾರದಂತೆ ಕೆಳಗಿನ ಸ್ವರಗಳಲ್ಲಿ ನಡೆಯುವುದು ಅವರ ವಿವೇಕ. ಮೌತ್ ಆರ್ಗನ್ನಿನ ಲಿಟ್ಲ್ ವಾಲ್ಟರ್ ಲೂಯಿಸಿಯಾನಾ ರಾಜ್ಯದವರು. ಚಿಕ್ಕ ಪ್ರಾಯದಲ್ಲಿಯೇ ಮನೆ ಬಿಟ್ಟು ಬೀದಿಯಲ್ಲಿ ನುಡಿಸಿ ಹೊಟ್ಟೆ ಹೊರೆದವರು. ಇವರ ಕಿವಿ ಹೋದುದು ಲೂಯಿ ಜಾರ್ಡನ್ ಅವರ ಸ್ಯಾಕ್ಸೊಫೋನಿನ ಕಡೆಗೆ. ಮೌತ್ ಆರ್ಗನ್ನನ್ನೂ ಅಗ್ಗದ ಮೈಕನ್ನೂ ಎರಡೂ ಅಂಗೈಗಳೊಳಗೆ ಮುಚ್ಚಿ ಹಿಡಿದು ಊದಿ, ಆ ದೊಡ್ಡ ವಾದ್ಯದ ತುಂಬು ದನಿಯನ್ನು ಅಂಗೈಯಗಲದ ವಾದ್ಯದಿಂದ ಹೊರಡಿಸಿದರು. 1952ರಲ್ಲಿ ಅವರ 'ಜೂಕ್' ಎಂಬ ತಟ್ಟೆ ಕರಿಯರ ಸಂಗೀತದ ಮಾರಾಟದ ಪಟ್ಟಿಯಲ್ಲಿ ಎಂಟು ವಾರ ಮೊದಲ ಸ್ಥಾನದಲ್ಲಿತ್ತು. 1968ರಲ್ಲಿ, 37ರ ಪ್ರಾಯದಲ್ಲಿ ಅವರು ತೀರಿಕೊಂಡರು.

ಪಿಯಾನೊದ ಓಟಿಸ್ ಸ್ಪ್ಯಾನ್ ಮಿಸಿಸಿಪ್ಪಿಯವರು. ಬಿಗ್ ಮೇಸಿಯೊ ಎಂಬ ಹಿರಿಯ ವಾದಕರ ದಾರಿಯಲ್ಲಿ ನಡೆದವರು. 1957ರಲ್ಲಿ ಸೇರಿದ ಡ್ರಮ್ಮಿನ ಫ್ರಾನ್ಸಿಸ್ ಕ್ಲೇ ಅವರದು ಜಾಝ್ ಸಂಗೀತದ ತಾಳದ ಕೈ. ಧ್ವನಿಮುದ್ರಣದಲ್ಲಿ ಬಾಸ್ ನುಡಿಸಿ, ಹಾಡುಗಳನ್ನೂ ಕಟ್ಟಿಕೊಟ್ಟ ವಿಲ್ಲಿ ಡಿಕ್ಸನ್ ಅವರ ಕಥೆ ಎಲ್ಲಕ್ಕಿಂತ ಸ್ವಾರಸ್ಯದ್ದು. ತಾಯಿಯ ಮಾತೇ ಪ್ರಾಸಬದ್ಧ. ಆ ಗುಣ ಮಗನಿಗೆ ಬಂತು. ಶ್ರುತಿ ಸೇರಿಸಿ ಹಾಡುವುದನ್ನು ಕಲಿಸಿದವರು ಒಬ್ಬ ಬಡಗಿ. ಡಿಕ್ಸನ್ ಮೊದಲು ಮುಷ್ಟಿಯುದ್ಧದಲ್ಲಿ ಪಂದ್ಯ ಗೆದ್ದವರು. ಗೆಳೆಯರೊಬ್ಬರು ತಗಡಿನ ಡಬ್ಬಿಗೆ ಒಂದೇ ತಂತಿ ಕಟ್ಟಿ ಮಾಡಿಕೊಟ್ಟದ್ದೇ ಅವರ ಮೊದಲ ಬಾಸ್.

ಕೀರ್ತಿ ಬಂತು, ಹಣ ಅದೇ ಪ್ರಮಾಣದಲ್ಲಿ ಬರಲಿಲ್ಲ. 1950ರಲ್ಲಿ ಮಡ್ಡಿಯವರು ಹಾಡಿದ ಒಂದು ಹಾಡಿನ ಹೆಸರನ್ನೇ ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್ ತಂಡ ಇಟ್ಟುಕೊಂಡಿತು. ಡಿಕ್ಸನ್ ಅವರ ಹಾಡನ್ನು ಆಧರಿಸಿದ ಹಾಡಿನಿಂದ ಲೆಡ್ ಜೆಪ್ಪೆಲಿನ್ ಎಂಬ ಇನ್ನೊಂದು ಇಂಗ್ಲಿಷ್ ತಂಡ ಹೆಸರು ಗಳಿಸಿತು. ಡಿಕ್ಸನ್ 1985ರಲ್ಲಿ ನ್ಯಾಯಾಲಯದ ಮೆಟ್ಟಲೇರಿದ ಮೇಲೆ, 1987ರಲ್ಲಿ ರಾಜಿಯಾಯಿತು. ಗುರು ಸನ್ ಹೌಸ್ ಅವರಂತೂ ಗಿಟಾರು ಕೆಳಗಿಟ್ಟು ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ಎಂಬಲ್ಲಿ ಅಜ್ಞಾತವಾಸದಲ್ಲಿದ್ದರು. 1964ರಲ್ಲಿ ಯುವ ಅಭಿಮಾನಿಗಳು ಅವರನ್ನು ಹುಡುಕಿ ಪುನಃ ವೇದಿಕೆಗೆ ತಂದರು. ಶಿಷ್ಯ 1983ರಲ್ಲಿ ತೀರಿಕೊಂಡರೆ, ಗುರು ಬದುಕಿದ್ದುದು 1988ರ ವರೆಗೆ.

ಅಜ್ಜಿಯ ಮನೆ, ಚರ್ಚು, ಬೀದಿ, ಬಡಗಿಯ ಪಾಠ, ಗ್ರಾಮಫೋನ್ ತಟ್ಟೆ: ಇಷ್ಟು ಮೂಲಗಳಿಂದ ಬಂದವರು ಒಂದಾದುದರಿಂದಲೇ ಆ ಮೇಳಕ್ಕೆ ಆ ಬಲ ಬಂತು. ಊರು ಬದಲಾಯಿತು, ವಾದ್ಯ ಬದಲಾಯಿತು, ಹಾಡಿನ ಜೀವ ಬದಲಾಗಲಿಲ್ಲ. ಆದರೆ ಇದು ನಮಗೆ ತಿಳಿದುಬಂದುದಾದರೂ ಹೇಗೆ? 1941ರಲ್ಲಿ ಇಬ್ಬರು ಗುಡಿಸಲಿನ ಬಾಗಿಲಿಗೆ ಹೋಗಿ ಕೇಳಿದುದರಿಂದ, ಅಭಿಮಾನಿಗಳು ಮುದುಕರಾದ ಕಲಾವಿದರನ್ನು ಹುಡುಕಿ ಮಾತಾಡಿಸಿದುದರಿಂದ.

ನಮ್ಮ ಮನೆಗಳಲ್ಲಿಯೂ ಪದ ಹೇಳಬಲ್ಲ, ಪಾಡ್ದನ ಬಲ್ಲ, ಮದ್ದಲೆಗೆ ಕೈ ಹಾಕಬಲ್ಲ ಹಿರಿಯರು ಇದ್ದಾರೆ. ಮಕ್ಕಳು ಮಂಗಳೂರು, ಬೆಂಗಳೂರು, ಗಲ್ಫ್ ಎಂದು ಹೊರಟಿದ್ದಾರೆ. ಮುಂದಿನ ರಜೆಯಲ್ಲಿ ಊರಿಗೆ ಬಂದಾಗ ಅಜ್ಜನ ಬಳಿ ಕುಳಿತು, "ಇದನ್ನು ನಿಮಗೆ ಕಲಿಸಿದವರು ಯಾರು?" ಎಂದು ಕೇಳಲಿ. ಕೇಳಿದ್ದನ್ನು ಬರೆದಿಡಲಿ, ದನಿಯನ್ನು ಮುದ್ರಿಸಿಡಲಿ. ಇಂದು ಅದಕ್ಕೆ ದೊಡ್ಡ ಯಂತ್ರವನ್ನು ಹೊತ್ತು ಯಾರೂ ಬರಬೇಕಾಗಿಲ್ಲ.